ಉಳಿಗೆ ಕಟ್ಟಿದ ಕೆಂಪು ದಾರ

ಹೋದ ಭಾನುವಾರ ನನ್ನ ಮರಗೆಲಸದ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ನಾನು ಹೋದಮೇಲೆ ಯಾವುದು ಯಾರಿಗೆ ಅಂತ ಗುರುತಿಗೆ ಒಂದೊಂದಕ್ಕೂ ದಾರ ಕಟ್ಟುತ್ತಾ ಕೂತೆ. ಬೆಳಗ್ಗೆ ಕೂತವನು ಎದ್ದಾಗ ಕತ್ತಲಾಗಿತ್ತು. ಕೆಂಪು ದಾರದ್ದು ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗಿಗೆ. ನೀಲಿ ದಾರದ್ದು ಮೂವತ್ತು ವರ್ಷ ಜೊತೆಗೆ ದುಡಿದ ಗೆಳೆಯನಿಗೆ. ಬಿಳಿ ದಾರದ್ದನ್ನು ಮಾರಿಬಿಡಬಹುದು. ಮಗ ಬಾಗಿಲಲ್ಲಿ ನಿಂತು ನೋಡಿ, "ಅಪ್ಪಾ, ಈಗ ಯಾಕೆ ಇದೆಲ್ಲಾ? ಚೆನ್ನಾಗೇ ಇದ್ದೀರಲ್ಲ" ಅಂದ. ಚೆನ್ನಾಗಿದ್ದೀನಿ, ಅದಕ್ಕೇ ಈಗ ಮಾಡ್ತಿದ್ದೀನಿ ಅಂದೆ.

ಅವನಿಗೆ ಆಮೇಲೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಹೊಲಿಗೆ, ಕೆತ್ತನೆ, ಚಿನ್ನದ ಕೆಲಸ, ಮರಗೆಲಸ, ಯಾವುದೇ ಇರಲಿ, ಕೈಯಲ್ಲಿ ಕೆಲಸ ಮಾಡುವವರು ದಯವಿಟ್ಟು ಓದಿ.

ನನಗೆ ಉಳಿ ಹಿಡಿಯೋದು ಕಲಿಸಿದವರು ನಮ್ಮ ಚಿಕ್ಕಪ್ಪ. ಅವರು ಹೋಗಿದ್ದು ಇದ್ದಕ್ಕಿದ್ದ ಹಾಗೆ. ಸಾಮಾನಿನ ಬಗ್ಗೆ ಯಾರಿಗೂ ಏನೂ ಹೇಳಿರಲಿಲ್ಲ. ಚಿಕ್ಕಮ್ಮ ಒಂದನ್ನೂ ಮಾರಲಿಲ್ಲ, ಯಾರಿಗೂ ಕೊಡಲಿಲ್ಲ. ಎಲ್ಲವನ್ನೂ ಒರೆಸಿ, ಹಳೇ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಒಂಬತ್ತು ವರ್ಷ ಆದಮೇಲೆ ನನ್ನನ್ನು ಕರೆದು, "ನೀನೇ ತಗೊಂಡು ಹೋಗಪ್ಪ, ನನಗೂ ವಯಸ್ಸಾಯ್ತು" ಅಂತ ಬೀಗದ ಕೈ ಕೊಟ್ಟರು.

ಬಟ್ಟೆ ಬಿಚ್ಚಿದ ಕ್ಷಣ ನನಗೆ ಇವತ್ತಿಗೂ ಮರೆತಿಲ್ಲ. ಬಟ್ಟೆ ವರ್ಷವರ್ಷವೂ ತೇವ ಹೀರಿಕೊಂಡು ಉಕ್ಕಿಗೆ ಅಂಟಿಸಿಟ್ಟಿತ್ತು. ಚರ್ಮದ ಚೀಲದಲ್ಲಿದ್ದ ಉಳಿಗಳ ಗತಿ ಇನ್ನೂ ಕೆಟ್ಟದಾಗಿತ್ತು. ಚರ್ಮವೂ ತೇವ ಹಿಡಿಯುತ್ತದೆ, ಹದ ಮಾಡುವಾಗ ಸೇರಿದ ಉಪ್ಪು, ಆಮ್ಲ ಅದರಲ್ಲೇ ಉಳಿದಿರುತ್ತವೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತೆ, ಅದು ದೊಡ್ಡ ವಿಷಯ ಅಲ್ಲ. ಆದರೆ ಉಳಿಯ ಬೆನ್ನು ಅಂತ ಒಂದಿದೆ. ಚಪ್ಪಟೆಯಾದ, ಕನ್ನಡಿಯ ಹಾಗೆ ಉಜ್ಜಿದ ಭಾಗ ಅದು. ಆ ಬೆನ್ನೂ ಈಚೆಯ ಇಳಿಜಾರೂ ಸೇರುವ ಗೆರೆಯೇ ಉಳಿಯ ಅಲಗು. ಬೆನ್ನಿನಲ್ಲಿ ತುಕ್ಕು ಸಾಸಿವೆಯಷ್ಟು ಗುಂಡಿ ತೋಡಿದರೂ ಸಾಕು, ಎಷ್ಟೇ ಸಾಣೆ ಹಿಡಿದರೂ ಅಲಗು ಅಲ್ಲಲ್ಲಿ ಹಲ್ಲು ಮುರಿದ ಹಾಗೆ ಬರುತ್ತೆ. ಹನ್ನೆರಡು ಉಳಿಯಲ್ಲಿ ಎಂಟರ ಬೆನ್ನು ಹಾಗಾಗಿತ್ತು.

ಚಿಕ್ಕಮ್ಮನ ತಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಅವರು ಇಟ್ಟಿದ್ದು ಪ್ರೀತಿಯಿಂದ. ಏನು ಮಾಡಬೇಕು ಅಂತ ಅವರಿಗೆ ಹೇಳಿದವರಿರಲಿಲ್ಲ, ಅಷ್ಟೇ.

ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಇನ್ನೊಂದು. ಚಿಕ್ಕಪ್ಪ ಕುರ್ಚಿ ಮಾಡುತ್ತಿದ್ದರು. ಹಿಂಗಾಲಿನ ಬಾಗು ತೆಗೆಯೋಕೆ ಅವರ ಹತ್ತಿರ ತೆಳು ಹಲಗೆಯಲ್ಲಿ ಕೊಯ್ದ ಒಂದು ಅಚ್ಚಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಗೀಟು, ಅಂಕಿ, ಬಾಣದ ಗುರುತು. ಇಪ್ಪತ್ತು ವರ್ಷ ಕೂತು ನೋಡಿ, ಎದ್ದು ನೋಡಿ, ಸ್ವಲ್ಪ ಸ್ವಲ್ಪ ತಿದ್ದಿದ ಬಾಗು ಅದು. ನೋಡೋರ ಕಣ್ಣಿಗೆ ಸುಮ್ನೆ ಒಂದು ಹಲಗೆ ಚೂರು. ಕೋಣೆ ಖಾಲಿ ಮಾಡುವಾಗ ಅಂಥ ಚೂರುಗಳನ್ನೆಲ್ಲ ಒಲೆಗೆ ಹಾಕಿದರು. ನಾನು ಆವತ್ತು ಅಲ್ಲೇ ಇದ್ದೆ. ದುಃಖದ ಮನೆಯಲ್ಲಿ ಹಲಗೆ ಚೂರಿನ ಮಾತು ಹೇಗೆ ಎತ್ತೋದು ಅಂತ ಬಾಯಿ ಬಿಡಲಿಲ್ಲ. ಆಮೇಲೆ ಅವರು ಮಾಡಿದ ಒಂದು ಕುರ್ಚಿಯಿಂದ ಅಳತೆ ತೆಗೆದು ನೋಡಿದೆ. ಹೊರಗಿನ ಗೆರೆ ಸಿಕ್ಕಿತು. ಒಂದು ಮರವನ್ನು ಇನ್ನೊಂದರ ತೂತಿಗೆ ಸೇರಿಸುವ ಕೂಡುಹಲ್ಲು ಒಳಗೆ ಯಾವ ಓರೆಯಲ್ಲಿ ಕೂರುತ್ತೆ ಅನ್ನೋದು ಆ ಪೆನ್ಸಿಲ್ ಗುರುತಿನಲ್ಲಿತ್ತು. ಅದು ಸಿಗಲಿಲ್ಲ.

ಆ ಒಂದು ಹಲಗೆಯ ನೆನಪು ಕಾಡುವುದರಿಂದಲೇ ಪಿಟೀಲು ಮಾಡುತ್ತಿದ್ದ ಸ್ಟ್ರಾಡಿವರಿಯವರ ಕಥೆ ಓದಿದಾಗ ನನಗೆ ಅಷ್ಟು ತಟ್ಟಿತು. ಅವರು ಇಟಲಿಯ ಕ್ರೆಮೋನಾದಲ್ಲಿ ತೀರಿಕೊಂಡಿದ್ದು 1737ರಲ್ಲಿ. ಅವರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಗಂಡುಮಕ್ಕಳೂ ಆರೇ ವರ್ಷದೊಳಗೆ ಹೋದರು. ಸಾಮಾನು ಬಂದು ಸೇರಿದ್ದು ಪಾವೊಲೊ ಅನ್ನುವ ಮಗನ ಕೈಗೆ. ಅವನದು ಬಟ್ಟೆ ವ್ಯಾಪಾರ. ಅವನಿಗೆ ಆ ಮರದ ಅಚ್ಚುಗಳಿಂದ ಏನಾಗಬೇಕು? ಅದೃಷ್ಟ ಅಂದರೆ 1775ರ ಸುಮಾರಿಗೆ ಕೋಜಿಯೊ ಅನ್ನುವ ಜಮೀನ್ದಾರ, ಪಿಟೀಲಿನ ಹುಚ್ಚಿದ್ದವನು, ಎಲ್ಲವನ್ನೂ ಒಟ್ಟಿಗೆ ಕೊಂಡ. 1920ರಲ್ಲಿ ಜೂಸೆಪ್ಪೆ ಫಿಯೊರಿನಿ ಅನ್ನುವ ಪಿಟೀಲು ಕುಶಲಕರ್ಮಿ ಅವನ ವಾರಸುದಾರರಿಂದ ಕೊಂಡು, 1930ರಲ್ಲಿ ಕ್ರೆಮೋನಾ ಊರಿಗೇ ಕೊಟ್ಟುಬಿಟ್ಟರು. ಈಗ ಅವು ಅಲ್ಲಿನ ಪಿಟೀಲು ಮ್ಯೂಸಿಯಂನಲ್ಲಿವೆ. ಇವತ್ತಿನ ಕುಶಲಕರ್ಮಿಗಳು ಆ ಅಚ್ಚುಗಳ ಅಳತೆ ಹಿಡಿದೇ ಹೊಸ ಪಿಟೀಲು ಮಾಡುತ್ತಾರೆ. ಅಚ್ಚುಗಳ ಮೇಲೆ ಗುರುತಿಗೆ ಅಂತ ಬರೆದ ಅಕ್ಷರಗಳೂ ಹಾಗೇ ಉಳಿದಿವೆ. ನಡುವೆ ಒಬ್ಬರು ಯಾರಾದರೂ "ಇದೇನಿದು, ಹಳೇ ಮರದ ತುಂಡು" ಅಂದುಬಿಟ್ಟಿದ್ದರೆ?

ನಮಗೆಲ್ಲ ಅಂಥ ಅದೃಷ್ಟ ಇರಲ್ಲ. ಅದಕ್ಕೇ ಹೇಳೋದು, ಮೊದಲು ಗುರುತು ಹಾಕಬೇಕಾದ್ದು ದುಬಾರಿ ಸಾಮಾನಿಗಲ್ಲ. ಮರ ಹೆರೆಯುವ ಹತ್ತರಿ, ಗರಗಸ, ತೂತು ಕೊರೆಯುವ ಬೈರಿಗೆ ಕಳೆದರೆ ಇನ್ನೊಂದು ಕೊಳ್ಳಬಹುದು. ನಾವೇ ಮಾಡಿಕೊಂಡ ಅಚ್ಚು, ಅಳತೆಪಟ್ಟಿ, ಎರಡು ಮೊಳೆ ಹೊಡೆದ ಹಲಗೆ, ಹೊಲಿಗೆಯವರ ಕಾಗದದ ಮಾದರಿ, ಇವು ಎಲ್ಲೂ ಸಿಗಲ್ಲ. ಕಸ ಅಂತ ಮೊದಲು ಹೊರಗೆ ಹೋಗೋದೂ ಇವೇ. ಒಂದೊಂದರ ಮೇಲೂ ಇದು ಯಾತಕ್ಕೆ, ಯಾವ ಕಡೆ ಮೇಲೆ ಬರಬೇಕು ಅಂತ ಅಳಿಸದ ಶಾಯಿಯಲ್ಲಿ ಬರೆಯಿರಿ. ಬರೆಯೋಕೆ ಆಗದಿದ್ದರೆ ಬಳಸುತ್ತಿರುವಾಗ ಯಾರಿಗಾದರೂ ಮೊಬೈಲಿನಲ್ಲಿ ವಿಡಿಯೊ ಮಾಡೋಕೆ ಹೇಳಿ.

ಒಂದೇ ಥರ ಕಾಣುವ ಉಳಿಗಳಿಗೂ ಇದೇ ಮಾತು. ನನ್ನ ಹತ್ತಿರ ಅರ್ಧ ಇಂಚಿನವು ಎರಡಿವೆ. ಒಂದರ ಇಳಿಜಾರನ್ನು ಇಪ್ಪತ್ತೈದು ಡಿಗ್ರಿಗೆ ಸಾಣೆ ಹಿಡಿದಿದ್ದೇನೆ, ಅದು ಕೈಯಲ್ಲೇ ಒತ್ತಿ ಸವರೋಕೆ. ಇನ್ನೊಂದು ಮೂವತ್ತೈದಕ್ಕೆ, ಅದು ಕೊಡತಿ ಏಟಿಗೆ. ಅದಲು ಬದಲಾದರೆ ಮೊದಲನೆಯದರ ಅಲಗು ಮೂರೇ ಏಟಿಗೆ ಕಿತ್ತುಬರುತ್ತೆ. ಮಗನಿಗೆ ಇದು ಹೇಗೆ ಗೊತ್ತಾಗಬೇಕು?

1797ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ಸೀಟನ್ ಅನ್ನುವ ಮರಗೆಲಸದವನು ಅಪ್ಪ ಕೊಡಿಸಿದ ಸಾಮಾನಿಗೆ ಪೆಟ್ಟಿಗೆ ಮಾಡಿ, ಒಂದೊಂದರ ಹೆಸರೂ ಬೆಲೆಯೂ ಪಟ್ಟಿ ಮಾಡಿಟ್ಟ. ಪೆಟ್ಟಿಗೆ, ಸಾಮಾನು, ಪಟ್ಟಿ ಮೂರೂ ಅಲ್ಲಿನ ರೋಚೆಸ್ಟರ್ ಊರಿನ ಮ್ಯೂಸಿಯಂನಲ್ಲಿವೆ. ಇನ್ನೂರು ವರ್ಷದ ಹಿಂದೆ ಯಾವ ಉಪಕರಣವನ್ನು ಏನೆಂದು ಕರೆಯುತ್ತಿದ್ದರು ಅಂತ ಇವತ್ತು ಗೊತ್ತಾಗೋದು ಆ ಪಟ್ಟಿಯಿಂದ. ನಿಮ್ಮ ಪಟ್ಟಿ ಮ್ಯೂಸಿಯಂಗೆ ಹೋಗಬೇಕಾಗಿಲ್ಲ. ಮನೆಯವರ ಕೈಗೆ ಸಿಕ್ಕರೆ ಸಾಕು. ಮಾರೋದಿದ್ದರೆ ಸುಮಾರು ಎಷ್ಟು ಬೆಲೆ ಬಾಳುತ್ತೆ, ಯಾರನ್ನು ಕೇಳಬೇಕು, ಇದೂ ಅದರಲ್ಲಿರಲಿ. ಇಲ್ಲದಿದ್ದರೆ ಒಳ್ಳೆ ಉಕ್ಕು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ. ಅಪಾಯದ ವಸ್ತುಗಳನ್ನೂ ಬೇರೆಯಾಗಿ ಬರೆಯಿರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಕೆಲಸದವರಿಗೆ ಗೊತ್ತು, ಮನೆಯವರಿಗೆ ಗೊತ್ತಿರಲ್ಲ. ಯಾರಿಗೆ ಏನು ಅನ್ನೋದು ಜಗಳಕ್ಕೆ ಬರುವಂಥದ್ದಾದರೆ ಬರೀ ಪಟ್ಟಿ ಸಾಲದು, ಕಾನೂನಿನ ಪ್ರಕಾರ ಉಯಿಲಿನಲ್ಲಿ ಬರೆಸಿಬಿಡಿ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿನ ಮಾತು ಬೇರೆ. ಪಟ್ಟಿಗಿಂತ ಬದುಕಿದ್ದಾಗಲೇ ಕೈಯಾರೆ ಕೊಡೋದು ಮೇಲು. ಅಮೆರಿಕದಲ್ಲಿ ಹೆನ್ರಿ ಸ್ಟಡ್ಲಿ ಅನ್ನುವ ಪಿಯಾನೊ ಕೆಲಸಗಾರ ಇದ್ದರು. ಸುಮಾರು ಮುನ್ನೂರು ಉಪಕರಣ ಹಿಡಿಸುವ, ಗೋಡೆಗೆ ತೂಗುಹಾಕುವ ಒಂದು ಪೆಟ್ಟಿಗೆ ಮಾಡಿಕೊಂಡಿದ್ದರು. 1925ರಲ್ಲಿ ಸಾಯುವ ಮುಂಚೆ ಅದನ್ನು ಗೆಳೆಯನಿಗೆ ಕೊಟ್ಟರು. ಅದು ಚದುರಿಹೋಗದೆ ಉಳಿಯಿತು.

ಕೊಡುವಾಗ ಒಂದು ಮಾತು ಕೇಳಲೇಬೇಕು: ನಿನಗೆ ಬೇಕಾ? ನಾನು ಕೇಳದೆ ನನ್ನ ದೊಡ್ಡ ಹತ್ತರಿಗೆ ಕೆಂಪು ದಾರ ಕಟ್ಟಿದ್ದೆ. ನನ್ನ ಹತ್ತಿರ ಇರೋದರಲ್ಲೆಲ್ಲ ಒಳ್ಳೇದು ಅದೇ. ಸೋಮವಾರ ಹುಡುಗಿ ಬಂದು ದಾರ ನೋಡಿ ಸುಮ್ಮನೆ ನಿಂತಳು. ಆಮೇಲೆ ಮೆಲ್ಲಗೆ, "ಸರ್, ಇದು ನನ್ನ ಕೈಗೆ ದೊಡ್ಡದು. ಎಳೆದರೆ ಭುಜ ನೋಯುತ್ತೆ. ಅದರ ಬದಲು ಡ್ರಾಯರಿನ ಮೂಲೆ ಗೀಟು ಹಾಕೋ ಆ ಅಳತೆಪಟ್ಟಿ ಕೊಡ್ತೀರಾ?" ಅಂದಳು. ಒಂದು ಕ್ಷಣ ಮನಸ್ಸಿಗೆ ಚುಚ್ಚಿತು. ನಾನು ಸತ್ತಮೇಲೆ ಅದು ಅವಳಿಗೆ ಹೋಗಿದ್ದರೆ ಬೇಡ ಅನ್ನೋಕಾಗದೆ ಇಟ್ಟುಕೊಳ್ಳುತ್ತಿದ್ದಳು. ಅವಳ ಮನೆಯಲ್ಲೂ ಒಂದು ಟ್ರಂಕು ಶುರುವಾಗುತ್ತಿತ್ತು. ಹತ್ತರಿಗೆ ನೀಲಿ ದಾರ ಕಟ್ಟಿದೆ. ಅಳತೆಪಟ್ಟಿ ಅವತ್ತೇ ಅವಳ ಜೊತೆ ಹೋಯಿತು.

ಮಗನಿಗೂ ಬರೆದಿಟ್ಟಿದ್ದೇನೆ. ನಿನಗೆ ಇಷ್ಟವಾದ ಒಂದನ್ನು ಇಟ್ಟುಕೋ. ಉಳಿದದ್ದು ಕೊಟ್ಟರೆ, ಮಾರಿದರೆ ಅಪ್ಪನಿಗೆ ಬೇಜಾರಾಗುತ್ತೆ ಅಂದುಕೋಬೇಡ. ಚಿಕ್ಕಮ್ಮನಿಗೆ ಈ ಎರಡು ಸಾಲು ಬರೆದುಕೊಟ್ಟವರಿದ್ದಿದ್ದರೆ ಎಷ್ಟು ಹಗುರಾಗುತ್ತಿತ್ತೋ.

ದಾರ ಕಟ್ಟದೆ ಉಳಿದದ್ದು ಒಂದೇ. ಟ್ರಂಕಿನಿಂದ ಬಂದ ಚಿಕ್ಕಪ್ಪನ ಮುಕ್ಕಾಲು ಇಂಚಿನ ಉಳಿ. ಅದರ ಬೆನ್ನನ್ನು ದಿನಾ ಅರ್ಧ ಗಂಟೆಯಂತೆ ಎರಡು ತಿಂಗಳು ಕಲ್ಲಿನ ಮೇಲೆ ತೇಯ್ದು ಗುಂಡಿ ಹೋಗಿಸಿದ್ದೇನೆ. ಈಗ ನಾನು ಜಾಸ್ತಿ ಬಳಸೋದು ಅದನ್ನೇ. ಬರುವ ಸೋಮವಾರ ಹುಡುಗಿಯ ಕೈಗೆ ಕೊಟ್ಟು, ಒಂದು ಕೂಡುಹಲ್ಲು ಕೊಯ್ಯೋಕೆ ಹೇಳಿ ನೋಡಬೇಕು.