ಹಾಲು ಆಗದವರಿಗೆ ಒತ್ತಾಯ ಮಾಡಬೇಡಿ

"ಒಂದು ಗ್ಲಾಸ್ ಹಾಲಿಗೆ ಎಂತ ಆಗ್ತದೆ ಮಾರಾಯ್ತಿ, ಕುಡಿ." ನನ್ನ ಅಕ್ಕನ ಮಗಳಿಗೆ ಈ ಮಾತು ಹೇಳದ ನೆಂಟರೇ ಇಲ್ಲ. ಹಾಲು ಕುಡಿದರೆ ಅವಳ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಹೊತ್ತಿನಲ್ಲೇ ಬಾತ್‌ರೂಮಿಗೆ ಓಡಬೇಕು. ಎಲ್ಲರೂ ಅದನ್ನು ಹಟ ಅಂದುಕೊಂಡಿದ್ದಾರೆ. ಹಟ ಅಲ್ಲ, ರೋಗವೂ ಅಲ್ಲ. ಜಗತ್ತಿನಲ್ಲಿ ದೊಡ್ಡವರಾದ ಮೂವರಲ್ಲಿ ಸುಮಾರು ಇಬ್ಬರಿಗೆ ಹಾಲಿನ ಸಕ್ಕರೆ ಪೂರ್ತಿ ಜೀರ್ಣವಾಗುವುದಿಲ್ಲ.

ಆ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ತಯಾರಾಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದು ಬೇಕಾದಷ್ಟು ಇರುತ್ತದೆ. ಎದೆಹಾಲು ಬಿಟ್ಟ ಮೇಲೆ ಹೆಚ್ಚಿನವರಲ್ಲಿ ಮೆಲ್ಲ ಮೆಲ್ಲ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಗ್ಯಾಸ್, ನೋವು, ಭೇದಿ ಎಲ್ಲ ಅದರಿಂದಲೇ.

ಹಾಗಾದರೆ ಉಳಿದವರಿಗೆ ಹೇಗೆ ಜೀರ್ಣವಾಗುತ್ತದೆ? ಸಾವಿರಾರು ವರ್ಷ ಜಾನುವಾರು ಸಾಕಿ, ಹಾಲು ಕುಡಿದು ಬದುಕಿದ ಕೆಲವು ಜನಾಂಗಗಳಲ್ಲಿ ಜೀನಿನ ಒಂದು ಸಣ್ಣ ಬದಲಾವಣೆ ಹರಡಿತು. ಅದಿರುವವರಿಗೆ ದೊಡ್ಡವರಾದ ಮೇಲೂ ಕಿಣ್ವ ನಿಲ್ಲುವುದಿಲ್ಲ. ಉತ್ತರ ಯುರೋಪಿನವರದ್ದು ಒಂದು ಬದಲಾವಣೆ, ಕೀನ್ಯಾ-ತಾಂಜಾನಿಯಾದ ಪಶುಪಾಲಕರದ್ದು ಬೇರೆ, ಅರಬರದ್ದು ಇನ್ನೊಂದು. ಸ್ವೀಡನ್, ಐರ್ಲೆಂಡ್‌ಗಳಲ್ಲಿ ಹೆಚ್ಚಿನವರಿಗೆ ಹಾಲು ಆಗುತ್ತದೆ, ಚೀನಾ, ಜಪಾನಿನಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ. ಮಂಗೋಲಿಯಾದವರಲ್ಲಿ ಇಂಥ ಬದಲಾವಣೆ ಅಪರೂಪ. ಆದರೂ ಹಾಲು ಅವರ ಮುಖ್ಯ ಆಹಾರಗಳಲ್ಲಿ ಒಂದು, ಯಾಕಂದರೆ ಹೆಚ್ಚಾಗಿ ಅದನ್ನು ಹುಳಿ ಬರಿಸಿ, ಚೀಸ್ ಮಾಡಿ ತಿನ್ನುತ್ತಾರೆ.

ನಮ್ಮ ದೇಶದಲ್ಲಿ ಕಾಣುವುದು ಹೆಚ್ಚಾಗಿ ಯುರೋಪಿನ ಅದೇ ಬದಲಾವಣೆ. ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ನೀಲಗಿರಿಯಲ್ಲಿ ಎಮ್ಮೆ ಸಾಕುವ ತೋಡರಲ್ಲಿ ಮಾತ್ರ ಮತ್ತೆ ಜಾಸ್ತಿ! 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಲು ಆಗದವರು ಉತ್ತರದವರಲ್ಲಿ ಶೇ. 27ರಷ್ಟಿದ್ದರೆ ದಕ್ಷಿಣದವರಲ್ಲಿ ಶೇ. 66ರಷ್ಟಿದ್ದರು. ಪಂಜಾಬಿನವರಂತೆ ದೊಡ್ಡ ಲೋಟದಲ್ಲಿ ಹಾಲು ಕುಡಿದರೇ ಗಟ್ಟಿ ಅಂತ ನಮ್ಮ ಮಕ್ಕಳಿಗೆ ಹೇಳುವುದು ಸರಿಯಾ?

ನಮ್ಮ ಕರಾವಳಿಯ ಅಡುಗೆ ನೋಡಿ. ಉಡುಪಿ ಕೃಷ್ಣನ ಕೈಯಲ್ಲೇ ಕಡೆಗೋಲು ಇದೆ. ದಿನದ ಊಟ ಮುಗಿಯುವುದು ಮಜ್ಜಿಗೆಯಲ್ಲಿ. ಒಂದೆಲಗದ ತಂಬುಳಿಗೂ ಮಜ್ಜಿಗೆಯೇ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಂದಷ್ಟು ತಿಂದು ಮುಗಿಸುತ್ತವೆ, ಹೊಟ್ಟೆಗೆ ಹೋದ ಮೇಲೂ ಉಳಿದದ್ದನ್ನು ಒಡೆಯಲು ನೆರವಾಗುತ್ತವೆ. ಹಾಗಾಗಿ ಹಾಲು ಆಗದ ಎಷ್ಟೋ ಜನರಿಗೆ ಮೊಸರು ಆಗುತ್ತದೆ. ಒತ್ತು ಶ್ಯಾವಿಗೆಗೆ ಹಾಕುವ ಕಾಯಿಹಾಲಿನಲ್ಲಂತೂ ಲ್ಯಾಕ್ಟೋಸೇ ಇಲ್ಲ. ಕ್ಯಾಲ್ಸಿಯಂ ಬೇಕಾ? ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿದೆ, ಎಳ್ಳಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ.

ಇಷ್ಟಕ್ಕೆ ಹಾಲನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಹೆಚ್ಚಿನವರು ಒಂದು ಸಲಕ್ಕೆ ಸುಮಾರು 12 ಗ್ರಾಂ, ಅಂದರೆ ಒಂದು ಕಪ್ ಹಾಲಿನಷ್ಟು ಲ್ಯಾಕ್ಟೋಸ್ ತಡೆದುಕೊಳ್ಳುತ್ತಾರೆ, ಊಟದ ಜೊತೆಗಾದರೆ ಇನ್ನೂ ಸುಲಭ. ಕೆಲವರಿಗೆ ಅಷ್ಟೂ ಆಗುವುದಿಲ್ಲ. ಎಷ್ಟು ಆಗುತ್ತದೆ ಅಂತ ಅವರವರ ಹೊಟ್ಟೆಗೇ ಗೊತ್ತು, ಬಡಿಸುವವರಿಗಲ್ಲ.

ಎ2 ಹಾಲು ಕುಡಿದರೆ ಸರಿಹೋಗುತ್ತದೆ ಅಂತ ಜಾಸ್ತಿ ದುಡ್ಡು ಕೊಟ್ಟು ತರುವವರಿಗೆ ಒಂದು ಮಾತು. ಅದರಲ್ಲಿ ಬೇರೆ ಇರುವುದು ಪ್ರೋಟೀನ್. ಲ್ಯಾಕ್ಟೋಸ್ ಅಷ್ಟೇ ಇರುತ್ತದೆ.

ಹಾಲಿನ ಅಲರ್ಜಿ ಮಾತ್ರ ಬೇರೆ ವಿಷಯ, ಅದು ಅಪಾಯ. ಎಳೆ ಮಕ್ಕಳ ಹಾಲನ್ನು ನೀವೇ ನಿಲ್ಲಿಸಬೇಡಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಸುಮ್ನೆ ಹಾಲಿನ ಮೇಲೆ ಹಾಕಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಲ್ಯಾಕ್ಟೋಸ್ ಹೌದಾ ಅಲ್ವಾ ಅಂತ ಉಸಿರಿನ ಪರೀಕ್ಷೆಯಲ್ಲೂ ತಿಳಿಯುತ್ತದೆ.