ಬಿಸಿಲು ಎಲ್ಲರಿಗೂ ಒಂದೇ, ಬಡ್ಡಿ ಒಂದೇ ಅಲ್ಲ

ಈಗಷ್ಟೇ ಪರಿಸರದ ಬಗ್ಗೆ ಒಂದು ಚರ್ಚೆ ನೋಡಿ ಮುಗಿಸಿದೆ. ಎರಡು ಗಂಟೆ. ಮಾತಾಡಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ: "ಜನರಲ್ಲಿ ಅರಿವು ಮೂಡಬೇಕು." ಸೌದೆ ಒಲೆ ಉರಿಸುವವರಿಗೆ ಅರಿವಿಲ್ಲವಂತೆ, ಡೀಸೆಲ್ ಪಂಪು ಓಡಿಸುವವರಿಗೆ ಅರಿವಿಲ್ಲವಂತೆ. ಬಡ್ಡಿ ಅನ್ನುವ ಪದ ಒಂದು ಸಲವೂ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಸಾಲದ ಅರ್ಜಿ ನೋಡುವ ಮೇಜಿನಲ್ಲಿ ನಾನು ಹದಿನಾಲ್ಕು ವರ್ಷ ಕೂತವಳು, ನಿಮಗೆ ಗೊತ್ತೇ ಇದೆ. ನನ್ನೆದುರು ಬಂದು ಕೂತ ಯಾರಿಗೂ ಹೊಗೆ ಕೆಟ್ಟದ್ದು ಅಂತ ಹೇಳಿಕೊಡಬೇಕಾಗಿರಲಿಲ್ಲ. ಆ ಹೊಗೆ ಕುಡಿಯುವವರು ಅವರೇ ಅಲ್ವಾ? ಅವರ ಹತ್ತಿರ ಇಲ್ಲದಿದ್ದದ್ದು ಮೊದಲ ದಿನವೇ ಒಟ್ಟಿಗೆ ಕೊಡಬೇಕಾದ ದುಡ್ಡು.

ಡೀಸೆಲ್ ಪಂಪು ಕೊಳ್ಳುವಾಗ ಖರ್ಚು ಕಡಿಮೆ, ಆಮೇಲೆ ದಿನಾ ಎಣ್ಣೆಗೆ ಸುರಿಯಬೇಕು. ಸೋಲಾರ್ ಇದಕ್ಕೆ ಉಲ್ಟಾ. ಬಿಸಿಲಿಗೆ ಕಾಸು ಕೊಡಬೇಕಿಲ್ಲ, ಆದರೆ ಇಪ್ಪತ್ತೈದು ವರ್ಷದ ಕರೆಂಟಿನ ದುಡ್ಡನ್ನು ಹೆಚ್ಚುಕಮ್ಮಿ ಒಂದೇ ದಿನ ಎಣಿಸಿ ಇಟ್ಟ ಹಾಗೆ. ಅಷ್ಟು ದುಡ್ಡು ಕೈಯಲ್ಲಿ ಇಲ್ಲದವರು ಸಾಲ ಮಾಡಲೇಬೇಕು. ಹಾಗಾಗಿ ಸೋಲಾರ್ ಕರೆಂಟು ಎಷ್ಟಕ್ಕೆ ಬೀಳುತ್ತದೆ ಅನ್ನೋದನ್ನು ಬಿಸಿಲಿಗಿಂತ ಜಾಸ್ತಿ ಬಡ್ಡಿಯೇ ತೀರ್ಮಾನಿಸುತ್ತದೆ.

"ಪ್ಯಾನೆಲ್ ಈಗ ಅಗ್ಗ ಆಗಿದೆಯಲ್ಲ" ಅಂದರು ಒಬ್ಬರು. ಹೌದು, 2010ರಿಂದ 2020ರೊಳಗೆ ಬೆಲೆ ಸುಮಾರು ಶೇ. 90ರಷ್ಟು ಇಳಿಯಿತು. ಆದರೆ ಒಂದು ಲೆಕ್ಕ ಮಾಡಿ ನೋಡಿ. ಸಾಲ 100 ಅಂತ ಇಟ್ಟುಕೊಳ್ಳಿ, 25 ವರ್ಷದಲ್ಲಿ ತೀರಿಸಬೇಕು. ಶೇ. 4ರ ಬಡ್ಡಿ ಇದ್ದರೆ ವರ್ಷಕ್ಕೆ ಸುಮಾರು 6.4 ಕಟ್ಟಬೇಕು. ಶೇ. 12 ಇದ್ದರೆ 12.75. ಅದೇ ಪ್ಯಾನೆಲ್, ಅದೇ ಬಿಸಿಲು, ಕರೆಂಟು ಮಾತ್ರ ಎರಡು ಪಟ್ಟು ದುಬಾರಿ! ಕಡಿಮೆ ಬಡ್ಡಿ ಶ್ರೀಮಂತ ದೇಶಕ್ಕೆ, ಜಾಸ್ತಿ ಬಡ್ಡಿ ಬಡ ದೇಶಕ್ಕೆ ಅಂತ ಬೇರೆ ಹೇಳಬೇಕಿಲ್ಲ. ಜಗತ್ತಿನ ಒಳ್ಳೊಳ್ಳೆ ಬಿಸಿಲಿನ ಜಾಗಗಳಲ್ಲಿ ಸುಮಾರು ಶೇ. 60 ಆಫ್ರಿಕಾದಲ್ಲಿವೆ ಅನ್ನುತ್ತದೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ. ಅಲ್ಲಿ ಇದುವರೆಗೆ ಹಾಕಿರುವ ಸೋಲಾರ್ ಮಾತ್ರ ಜಗತ್ತಿನ ಲೆಕ್ಕದಲ್ಲಿ ತೀರಾ ಕಡಿಮೆ. ಅಲ್ಲಿನವರಿಗೂ ಅರಿವಿನ ಪಾಠ ಹೇಳೋಣವಾ?

ಒಂದು ವಿಷಯ ಇವತ್ತು ಹೇಳಿಬಿಡುತ್ತೇನೆ. ಒಬ್ಬರು ಸೋಲಾರ್ ಪಂಪಿಗೆ ಸಾಲ ಕೇಳಿಕೊಂಡು ಬಂದಿದ್ದರು. ಜಮೀನಿನ ಕಾಗದ ಅವರ ಹೆಸರಿನಲ್ಲಿ ಇರಲಿಲ್ಲ, ಸಾಲದ ಅವಧಿ ಉದ್ದ. ನಾನು ಅರ್ಜಿ ವಾಪಸ್ ಕಳಿಸಿದೆ. ಕೆಲವು ತಿಂಗಳಾದ ಮೇಲೆ ಅದೇ ಮನುಷ್ಯ ಹಳೇ ಡೀಸೆಲ್ ಪಂಪಿಗೆ ಸಣ್ಣ ಸಾಲ ಕೇಳಿದರು. ಮೊತ್ತ ಚಿಕ್ಕದು, ಬೇಗ ತೀರುತ್ತದೆ. ಅದನ್ನು ಕೊಟ್ಟೆ. ಎರಡೂ ಕಾಗದದ ಮೇಲೆ ನನ್ನದೇ ಸಹಿ ಇದೆ. ಅವರಿಗೆ ಅರಿವು ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಕೇಳೋಕೆ ಆಗುವುದಿಲ್ಲ.

ಸಾಲ ಸುಲಭ ಮಾಡಿದರೆ, ಹೊಸ ಯಂತ್ರ ಕೊಟ್ಟರೆ ಜನ ಇನ್ನೂ ಜಾಸ್ತಿ ಉರಿಸುತ್ತಾರೆ ಅನ್ನುವ ವಾದವೂ ಬಂತು. ಹಳೇ ವಾದ ಅದು. ಯಂತ್ರಗಳು ಸುಧಾರಿಸಿದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಬರೆದಿದ್ದ. ಬೇಕಾದ್ದೆಲ್ಲ ಇರುವವರ ಮನೆಯ ಮಟ್ಟಿಗೆ ಒಪ್ಪುತ್ತೇನೆ. ಆದರೆ 200 ಕೋಟಿಗೂ ಹೆಚ್ಚು ಜನ ಇವತ್ತಿಗೂ ಸೌದೆ, ಇದ್ದಿಲು, ಸಗಣಿ, ಸೀಮೆಎಣ್ಣೆ ಇಂಥದ್ದರಲ್ಲೇ ಅಡುಗೆ ಮಾಡುತ್ತಾರೆ. ಅವರ ಮುಂದೆ ನಿಂತು ಈ ವಾದ ಹೇಳೋಕೆ ನಾಲಿಗೆ ಹೇಗೆ ಏಳುತ್ತದೋ!

ದುಡ್ಡು, ತಂತ್ರಜ್ಞಾನ ಎರಡನ್ನೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಅಂತ ನಾವು ನೋಡಿಯಾಗಿದೆ. ಓಜೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. 1990ರಲ್ಲಿ ಅದಕ್ಕೊಂದು ನಿಧಿ ಮಾಡಿದರು. ಬಡ ದೇಶಗಳ ಫ್ರಿಜ್ ಕಾರ್ಖಾನೆಗಳು ಬದಲಾಗಲು ದುಡ್ಡು ಕೊಟ್ಟರು, ರಿಪೇರಿ ಮಾಡುವವರಿಗೆ ತರಬೇತಿ ಕೊಟ್ಟರು. 2010ರ ಹೊತ್ತಿಗೆ ಆ ದೇಶಗಳೂ ಫ್ರಿಜ್‌ಗೆ ತುಂಬುತ್ತಿದ್ದ, ಓಜೋನ್ ಪದರ ಕೆಡಿಸುವ ಸಿಎಫ್‌ಸಿ ಅನಿಲದ ಬಳಕೆಯನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿದವು. ಓಜೋನ್ ಪದರ ಈಗ ಚೇತರಿಸಿಕೊಳ್ಳುತ್ತಿದೆ.

ಹವಾಮಾನದ ವಿಷಯದಲ್ಲಿ ಆದದ್ದೇನು? 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಒದಗಿಸುತ್ತೇವೆ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಆ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯೇ ಮಾಡಿದ ಲೆಕ್ಕದಲ್ಲಿ ಅದು ಮೊದಲ ಸಲ ಪೂರ್ತಿಯಾಗಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. ಮತ್ತೆ ಬಡ್ಡಿ!

ಇವತ್ತಿಗೂ ಸಾಲದ ಮೇಜಿನಲ್ಲಿ ಕೂತಿರುವ ಗೆಳೆಯರು ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ಸೋಲಾರ್ ಪಂಪಿನ ಫೈಲ್ ಬಂದರೆ, ವಾಪಸ್ ಕಳಿಸುವ ಮುಂಚೆ ಎಣ್ಣೆಗೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಿದ್ದಾರೆ ಅಂತ ಒಂದು ಮಾತು ಕೇಳಿ. ಆವತ್ತು ನಾನು ಕೇಳಲಿಲ್ಲ.