ಫೈಲ್ ಎಲ್ಲಿದೆ? ವಾಟ್ಸಾಪ್‌ನಲ್ಲಿದೆ ಸರ್

ಕಂಪ್ಯೂಟರ್ ಕಲಿಸೋದು ಮೇಷ್ಟ್ರಲ್ಲ, ಪರದೆ. ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಪಾಠ ಮಾಡುವ ನಾನು ಹೀಗೆ ಹೇಳಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಆದರೂ ನಿಜ. ಕಣ್ಣೆದುರು ಎಂಥ ಪರದೆ ಇರುತ್ತದೋ, ಕಂಪ್ಯೂಟರ್ ಅಂದರೆ ಅದೇ ಅಂತ ನಂಬಿಬಿಡುತ್ತೇವೆ. ಆಮೇಲೆ ಅದರಿಂದ ಅಷ್ಟೇ ಕೆಲಸ ತೆಗೆಯುತ್ತೇವೆ.

ನಮ್ಮ ಕನ್ನಡ ಡಿಟಿಪಿಯನ್ನೇ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸೋ ಕೆಲಸವನ್ನೇ ನೋಡಿ. ಪಾಠಕ್ಕೆ ಬರುವ ಮೊದಲು ನಾನೂ ಡಿಟಿಪಿ ಸೆಂಟರಿನಲ್ಲಿ ಕೂತವನೇ. ಪೇಜ್‌ಮೇಕರ್ ಅನ್ನೋ ಸಾಫ್ಟ್‌ವೇರ್ ತೆರೆದರೆ ಬಿಳಿ ಹಾಳೆ. ನುಡಿ, ಶ್ರೀಲಿಪಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದರೆ ಹಾಳೆ ಮೇಲೆ ಮುದ್ದಾದ ಕನ್ನಡ. ಕಂಡದ್ದು ಕಂಡ ಹಾಗೇ ಪ್ರಿಂಟಿನಲ್ಲಿ ಬರುತ್ತಿತ್ತು. ಲಗ್ನಪತ್ರಿಕೆ, ಕರಪತ್ರ, ಪ್ರಶ್ನೆಪತ್ರಿಕೆ, ಸಂಘದ ವಾರ್ಷಿಕ ವರದಿ, ಎಲ್ಲ ಸೈ. ಕಂಪ್ಯೂಟರ್ ಅಂದರೆ ಪುಟ್ಟ ಪ್ರಿಂಟಿಂಗ್ ಪ್ರೆಸ್ ಅಂತ ಒಂದು ತಲೆಮಾರೇ ಕಲಿಯಿತು.

ಆ ಫೈಲಿನ ಒಳಗೆ ಏನಿತ್ತು? ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊತ್ತಾಗುತ್ತಿತ್ತು. ನುಡಿಯಲ್ಲಿ ‘ಕನ್ನಡ’ ಅಂತ ಹೊಡೆದ ಕಡೆ ಇಂಗ್ಲಿಷಿನ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಒಂದು ಎ, ಪಕ್ಕದಲ್ಲಿ ಪೌಂಡ್ ನೋಟಿನ ಗುರುತು, ಮತ್ತೆ ಅದೇ ಎ. ಫೈಲಿನಲ್ಲಿ ಕನ್ನಡವೇ ಇರಲಿಲ್ಲ! ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಇತ್ತು, ಅಷ್ಟೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಮೊದಲ ಸಲ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೆ ಪೇಜ್‌ಮೇಕರ್‌ಗೆ ಅದು ಒಗ್ಗುತ್ತಿರಲಿಲ್ಲ. ಪ್ರಿಂಟ್ ಚೆನ್ನಾಗಿ ಬಂದರೆ ಗಿರಾಕಿಗೂ ಖುಷಿ, ನಮಗೂ ಖುಷಿ.

ಹೀಗೆ ವರ್ಷಗಟ್ಟಲೆ ಟೈಪಾದ ಕನ್ನಡವನ್ನು ಹುಡುಕಲು ಬರೋದಿಲ್ಲ. ಅಕಾರಾದಿಯಾಗಿ ಜೋಡಿಸಲು ಬರೋದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್‌ಗೆ ಅದು ಬರೀ ಗೊಂದಲ. ಕನ್ವರ್ಟರ್ ಹಾಕಿ ಬದಲಿಸಬಹುದು, ಆದರೆ ಹಳೇ ಸಿಡಿಗಳಲ್ಲಿ ಕೊಳೆಯುತ್ತಿರುವುದನ್ನು ಯಾರು ತೆಗೆದು ಬದಲಿಸುತ್ತಾರೆ? ಡಿಟಿಪಿಯವರಿಗೆ ತಿಳಿವಳಿಕೆ ಇರಲಿಲ್ಲ ಅಂತ ಬೈಯುವವರಿದ್ದಾರೆ. ನಾನು ಒಪ್ಪೋದಿಲ್ಲ. ಪರದೆ ಹಾಳೆಯನ್ನು ತೋರಿಸಿತು, ನಾವು ಹಾಳೆ ಮಾಡಿದೆವು. ಇದು ಮಾಹಿತಿ, ನಾಳೆ ಯಾರೋ ಹುಡುಕಬಹುದು ಅನ್ನುವ ಸುಳಿವೇ ಅಲ್ಲಿ ಇರಲಿಲ್ಲ.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲೇ ಇನ್ನೊಂದು ಪರದೆ ಬಂತು. ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ಜಮೀನುದಾರರ ಎರಡು ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಏರಿತು. ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಎಲ್ಲರೂ ಹೇಳೋದು ಇಷ್ಟನ್ನೇ. ನನಗೆ ಬಹಳ ಹಿಡಿಸಿದ್ದು ಬೇರೆ. ಆ ಕೌಂಟರಿಗೆ ಎರಡು ಮಾನಿಟರ್ ಇಡಬೇಕು ಅಂತ ಯೋಚಿಸಿದ್ದರು. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತನ ಕಡೆಗೆ. ಅದುವರೆಗೆ ಗ್ರಾಮಲೆಕ್ಕಿಗರ ಕಂಕುಳಲ್ಲಿದ್ದ ಪುಸ್ತಕ, ಅವರು ತೋರಿಸಿದರೆ ಉಂಟು. ಹಾಗೆ ಮಾನಿಟರ್ ಇಟ್ಟರೆ ಸರ್ವೆ ನಂಬರ್ ಹೊಡೆಯುವುದನ್ನು, ಹೆಸರು ಬರುವುದನ್ನು ರೈತ ನಿಂತಲ್ಲೇ ನೋಡಬಹುದು. ಭ್ರಷ್ಟಾಚಾರ ಪೂರ್ತಿ ಹೋಯಿತು ಅಂತ ನಾನೇನೂ ಹೇಳುತ್ತಿಲ್ಲ, ಕಚೇರಿಗೆ ಅಲೆದವರಿಗೆ ಗೊತ್ತೇ ಇದೆ. ಆದರೆ ಪರದೆಯ ಮುಖ ಯಾರ ಕಡೆಗಿದೆ ಅನ್ನೋದು ಸಣ್ಣ ವಿಷಯ ಅಲ್ಲ.

ಕೀಬೋರ್ಡ್ ವಿಷಯಕ್ಕೆ ಬರ್ತೀನಿ. ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ‘ಕನ್ನಡ’ ಅಂತ ಬರೆಯಲು ಐದೇ ಕೀ: ಕ, ನ, ಒತ್ತಿಗೆ ಎಫ್, ನ, ಡ. ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದರೆ ಏಳು, ಆಮೇಲೆ ಮೊಬೈಲ್ ಕೊಟ್ಟ ಪದಗಳಲ್ಲಿ ಒಂದನ್ನು ಆರಿಸೋ ಕೆಲಸ ಬೇರೆ. ಮೊದಲನೆಯದಕ್ಕೆ ಕೈ ಪಳಗಬೇಕು. ಪಳಗಿದ ಮೇಲೆ ಒತ್ತು, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಬೆರಳಿಗೇ ಗೊತ್ತಿರುತ್ತವೆ. ಎರಡನೆಯದಕ್ಕೆ ಏನೂ ಕಲಿಯಬೇಕಿಲ್ಲ, ಹಾಗಾಗಿ ಅದು ಗೆದ್ದಿತು. ಹೀಗಾಗಿದ್ದು ಇದೇ ಮೊದಲಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಮೌಸ್ ಕಂಡುಹಿಡಿದ ಡಗ್ಲಸ್ ಎಂಗಲ್‌ಬಾರ್ಟ್ ಮೊದಲ ಸಲ ಜನರೆದುರು ಮೌಸ್ ಹಿಡಿದು ತೋರಿಸಿದಾಗ ಅವರ ಎಡಗೈ ಕೆಳಗೆ ಐದು ಕೀಗಳ ಇನ್ನೊಂದು ಸಾಧನವೂ ಇತ್ತು. ಕಲಿಯಲು ಕಷ್ಟ, ಕಲಿತರೆ ಬಲು ವೇಗ. ಜಗತ್ತು ಮೌಸ್ ಇಟ್ಟುಕೊಂಡಿತು, ಅದನ್ನು ಕೈಬಿಟ್ಟಿತು.

ಈಗಿನ ಹುಡುಗರ ಮೊದಲ ಕಂಪ್ಯೂಟರ್ ಮೊಬೈಲು. ಲ್ಯಾಬಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆಸುತ್ತೇನೆ. ಮಾರ್ಕ್ಸ್ ಪಟ್ಟಿಯ ಫೈಲ್ ತೆರೆಯಬೇಕು. ಫೈಲ್ ಇಲ್ಲ ಅಂತ ಎರರ್.

“ಫೈಲ್ ಎಲ್ಲಿ ಸೇವ್ ಮಾಡಿದೀಯಮ್ಮಾ?”

“ವಾಟ್ಸಾಪ್‌ನಲ್ಲಿದೆ ಸರ್.”

“ಅಲ್ಲಿಂದ ಇಳಿಸಿದ್ದು ಎಲ್ಲಿಗೆ ಹೋಯ್ತು?”

“ಡೌನ್‌ಲೋಡ್ ಆಯ್ತು ಸರ್!”

ತೆರೆದು ನೋಡಿದರೆ ಡೌನ್‌ಲೋಡ್ಸ್‌ನಲ್ಲಿ ಒಂದೇ ಫೈಲಿನ ಮೂರು ಪ್ರತಿ, ಬ್ರಾಕೆಟ್ ಒಳಗೆ ಒಂದು, ಎರಡು ಅಂತ ಅಂಟಿಸಿಕೊಂಡು. ಪ್ರೋಗ್ರಾಂ ಇರೋದು ಇನ್ನೆಲ್ಲೋ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ನಗುವವರೇ ಜಾಸ್ತಿ. ಆ ಹುಡುಗಿ ದಡ್ಡಿ ಅಲ್ಲ ಸ್ವಾಮಿ. ಹೋದ ತಿಂಗಳ ನೋಟ್ಸ್ ಯಾವ ಗ್ರೂಪಿನಲ್ಲಿ ಬಂತು ಅಂತ ಕೇಳಿ, ಕಣ್ಣು ಮಿಟುಕಿಸುವುದರೊಳಗೆ ತೆಗೆದುಕೊಡುತ್ತಾಳೆ. ಫೋಲ್ಡರ್ ಒಳಗೆ ಫೋಲ್ಡರ್ ಇಡುವ ಪದ್ಧತಿಯನ್ನು ಮೊಬೈಲ್ ಅವಳಿಗೆ ಎಂದೂ ತೋರಿಸಿಲ್ಲ. ನಾವು ಅದನ್ನು ಕಬ್ಬಿಣದ ಬೀರು ನೋಡಿ ಕಲಿತದ್ದು, ಅವಳಿಗೆ ಯಾಕೆ ಗೊತ್ತಿರಬೇಕು? ಆದರೆ ಎರರ್‌ಗೆ ಈ ನ್ಯಾಯವೆಲ್ಲ ಬೇಕಿಲ್ಲ. ಅದಕ್ಕೆ ಫೈಲಿನ ಸರಿಯಾದ ವಿಳಾಸ ಬೇಕು. ಹಾಗಾಗಿ ಹುಡುಗರನ್ನು ಕೂರಿಸಿಕೊಂಡು ಅದನ್ನು ಹೇಳಿಕೊಡಲೇಬೇಕು, ನಗುತ್ತಾ ಕೂತರೆ ಆಗೋದಿಲ್ಲ.

ಇನ್ನು ಚಾಟ್. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಾಗಿನಿಂದ ಹುಡುಗರು ಗೂಗಲ್ ಮಾಡೋದು ಕಮ್ಮಿಯಾಗಿದೆ. ನಾನು ವಿರೋಧಿ ಅಲ್ಲ. ಕನ್ನಡ ಮಾಧ್ಯಮದಿಂದ ಬಂದವನಿಗೆ ರಾತ್ರಿ ಹನ್ನೊಂದಕ್ಕೆ ಇಂಗ್ಲಿಷ್ ಎರರನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇರೆ ಯಾರಿದ್ದಾರೆ? ನಾನಂತೂ ಫೋನ್ ಎತ್ತೋದಿಲ್ಲ. ನನ್ನ ತಕರಾರು ಪರದೆಯ ಮೇಲೆ. ಹುಡುಕಿದರೆ ಕೊಂಡಿಗಳು ಸಾಲಾಗಿ ಬರುತ್ತಿದ್ದವು. ಇದು ಪತ್ರಿಕೆ, ಇದು ಸರ್ಕಾರದ್ದು, ಇದು ಯಾರೋ ಪುಣ್ಯಾತ್ಮನ ಬ್ಲಾಗು ಅಂತ ಮೇಲ್ನೋಟಕ್ಕೇ ತಿಳಿಯುತ್ತಿತ್ತು. ಚಾಟ್‌ನಲ್ಲಿ ಬರೋದು ಒಂದೇ ದನಿ, ಅದೂ ಗೆಳೆಯನ ಮೆಸೇಜಿನ ಥರವೇ. ಬಲ್ಲವನೊಬ್ಬ ಎದುರು ಕೂತಿದ್ದಾನೆ ಅಂತ ಅನ್ನಿಸದೇ ಇರುತ್ತದಾ? ಎಲ್ಲಿಂದ ತಂದೆಯಪ್ಪಾ ಅಂತ ಕೇಳುವುದೂ ಒಂದು ಕೆಲಸ ಅಂತ ಆ ಪರದೆ ತಾನಾಗಿ ಕಲಿಸುತ್ತಿಲ್ಲ.

ಅದಕ್ಕೇ ಈ ಸೆಮಿಸ್ಟರ್‌ನಿಂದ ಅಸೈನ್‌ಮೆಂಟ್ ಜೊತೆ ಚಾಟ್‌ಗೆ ಕೇಳಿದ ಪ್ರಶ್ನೆಗಳನ್ನೂ ಲಗತ್ತಿಸಿ ಅಂದಿದ್ದೇನೆ. ಉತ್ತರದ ಒಂದು ಸಾಲನ್ನಾದರೂ ಬೇರೆ ಕಡೆ ತಾಳೆ ನೋಡಿ, ಎಲ್ಲಿ ನೋಡಿದಿರಿ ಅಂತ ಬರೆಯಬೇಕು. ಅಂಕ ಅದಕ್ಕೇ ಜಾಸ್ತಿ. ಹುಡುಗರು ಗೊಣಗುತ್ತಿದ್ದಾರೆ, ಗೊಣಗಲಿ. ಸಿಲಬಸ್ ಮಾತ್ರ ಅಲ್ಲಾಡಿಲ್ಲ. ‘ವರ್ಡ್ ಪರದೆಯ ಭಾಗಗಳನ್ನು ಹೆಸರಿಸಿ’ ಅನ್ನುವ ಐದು ಅಂಕದ ಪ್ರಶ್ನೆ ಈ ಸಲವೂ ಬರುತ್ತದೆ, ನೋಡ್ತಾ ಇರಿ.